ನೈಟ್ ಶಿಫ್ಟಿನ ಬೀದಿಯಲ್ಲಿ ಹೆಣ್ಣು ನೋಡಿದ್ದು

ದುರ್ಗಿಗುಡಿಯ ಪಾತ್ರೆ ಅಂಗಡಿಯಲ್ಲಿ ನಿಂತು ಹಾಲೇಶ್ ಒಂದು ಕೊಳಗದ ಬೆಲೆ ಹೇಳಿದರೆ, ಮೈಲಿಗಟ್ಟಲೆ ದೂರದ ಹೊಳೆಹೊನ್ನೂರಿನಲ್ಲಿ ಗದ್ದೆ ಉಳುತ್ತಿದ್ದ ಎತ್ತುಗಳು ಗಕ್ಕನೆ ನಿಂತು ತಿರುಗಿ ನೋಡುತ್ತಿದ್ದವು. ಸುಳ್ಳೆನ್ನುವವರು ಹೋಗಿ ಆ ಎತ್ತುಗಳನ್ನೇ ವಿಚಾರಿಸಿಕೊಳ್ಳಲಿ. ಅಂಥ ಗಂಟಲಿನಿಂದ ವ್ಯಾಪಾರ ಕುದುರಿತ್ತೇ ಹೊರತು ಮದುವೆ ಕುದುರಿರಲಿಲ್ಲ. ಎಂಟು ಹುಡುಗಿಯರು ಬೇಡವೆಂದಿದ್ದರು. ಎಂಟನೆಯ ಮನೆಯಲ್ಲಂತೂ ಅವನು ನಮಸ್ಕಾರ ಅಂದ ರಭಸಕ್ಕೆ ಅಜ್ಜಿಯ ಹಲ್ಲಿನ ಸೆಟ್ಟು ಉಪ್ಪಿಟ್ಟಿನ ತಟ್ಟೆಗೆ ಬಿದ್ದು, ಅದನ್ನು ಹುಡುಕುವುದರಲ್ಲೇ ಹೆಣ್ಣು ನೋಡುವ ಶಾಸ್ತ್ರ ಮುಗಿದುಹೋಗಿತ್ತು.

ಒಂಬತ್ತನೆಯವಳು ಭದ್ರಾವತಿಯ ಮೈತ್ರಿ. ಅವಳ ಫೋಟೊ ನೋಡಿದಂದಿನಿಂದ ಹಾಲೇಶನಿಗೆ ಅನ್ನ ಸೇರುತ್ತಿರಲಿಲ್ಲ. ದಿನಕ್ಕೆ ಬರೀ ಹದಿನಾಲ್ಕು ಇಡ್ಲಿಯಲ್ಲಿ ಜೀವ ಹಿಡಿದುಕೊಂಡಿದ್ದ.

"ಇದೂ ತಪ್ಪಿದ್ರೆ ನಾನಿನ್ನು ನಿನ್ ಜೊತೆ ಯಾರ ಮನೆ ಮೆಟ್ಲೂ ಹತ್ತಲ್ಲ ಮಾರಾಯ," ಎಂದು ಸೋದರತ್ತೆ ಕರಿಯಮ್ಮ ಬಸ್ಸಿನಲ್ಲೇ ಹೇಳಿಬಿಟ್ಟಿದ್ದಳು.

ತೊಂಬತ್ತಾರನೇ ಇಸವಿಯ ಆ ಭಾನುವಾರ ಅವರು ನ್ಯೂಟೌನಿನ ಕ್ವಾರ್ಟರ್ಸ್ ಬೀದಿಗೆ ಕಾಲಿಟ್ಟಾಗ ಬೆಳಗಿನ ಹನ್ನೊಂದು ಗಂಟೆ. ಹುಡುಗರು ಕ್ರಿಕೆಟ್ ಆಡುತ್ತಿದ್ದರು, ಆದರೆ ಸದ್ದೇ ಇಲ್ಲ. ಔಟಾದವನು ಅಂಪೈರಿನೊಡನೆ ಬರೀ ಹುಬ್ಬಿನಲ್ಲೇ ಜಗಳಾಡುತ್ತಿದ್ದ. ಹೊಸಬರನ್ನು ಕಂಡ ನಾಯಿ ಕೂಡ ಆಕಳಿಸಿತೇ ಹೊರತು ಬೊಗಳಲಿಲ್ಲ.

ಹುಡುಗಿಯ ತಂದೆ ಉಜ್ಜನಪ್ಪ, ಕಬ್ಬಿಣದ ಕಾರ್ಖಾನೆಯ ಕೆಲಸಗಾರ. "ಬನ್ನಿ, ಬನ್ನಿ, ಕೂತ್ಕೊಳ್ಳಿ," ಎಂದು ಗುಟ್ಟು ಹೇಳುವವನಂತೆ ಪಿಸುಗುಟ್ಟಿದ. ಅವನ ಹೆಂಡತಿಯೂ ಪಿಸುಗುಟ್ಟಿದಳು. ಹಾಲೇಶನಿಗೆ ಅನುಮಾನ ಹತ್ತಿತು: ಇವರೇನೋ ಮುಚ್ಚಿಡುತ್ತಿದ್ದಾರೆ! ತಾನಾದರೂ ಮರ್ಯಾದಸ್ಥನೆಂದು ತೋರಿಸಲು ಎದ್ದು ನಿಂತು, ಎದೆ ತುಂಬ ಉಸಿರೆಳೆದು, "ನಮಸ್ಕಾರಾ ಸಾರ್!" ಎಂದ. ಗೋಡೆಯ ಕ್ಯಾಲೆಂಡರಿನಲ್ಲಿ ಎರಡು ತಿಂಗಳು ತಾವಾಗಿಯೇ ಮಗುಚಿಕೊಂಡವು.

ಕಾಫಿ ತಂದ ಮೈತ್ರಿ ಬಾಗಿಲಲ್ಲೇ ನಿಂತಳು. "ಸ್ವಲ್ಪ ಮೆತ್ತಗೆ ಮಾತಾಡ್ತೀರಾ? ಪಕ್ಕದ್ಮನೆ ಮುರುಗೇಶಪ್ಪ ಮಾಮ ನೈಟ್ ಶಿಫ್ಟ್ ಮುಗಿಸ್ಕೊಂಡು ಬಂದು ಮಲಗಿದಾರೆ. ಇಬ್ರ ಮನೆಗೂ ಒಂದೇ ಗೋಡೆ."

"ಅವರೊಬ್ರಿಗೋಸ್ಕರ ಇಡೀ ಬೀದಿ ಬಾಯಿ ಮುಚ್ಕೊಂಡಿದೆಯಾ?" ಹಾಲೇಶ್ ದನಿಯನ್ನು ಅರ್ಧಕ್ಕಿಳಿಸಿ ಕೇಳಿದ.

"ಮುಂದಿನ ವಾರ ನಮ್ಮಪ್ಪಂದು ನೈಟು. ಆಗ ಅವ್ರ ಮನೇಲಿ ಒಗ್ಗರಣೇನೂ ಚಟಪಟ ಅನ್ನಲ್ಲ. ನಿದ್ದೆಗಣ್ಣಲ್ಲಿ ಕುಲುಮೆ ಮುಂದೆ ನಿಂತ್ರೆ ಏನಾಗುತ್ತೆ, ನೀವೇ ಹೇಳಿ?"

ಹಾಲೇಶನ ಮುಖ ತಾಮ್ರದ ಹಂಡೆಯಂತಾಯಿತು. ಮರ್ಯಾದೆಯೆಂದರೆ ಗಟ್ಟಿಯಾಗಿ ಹೇಳುವ ನಮಸ್ಕಾರವೆಂದೇ ಇಷ್ಟು ವರ್ಷ ತಿಳಿದಿದ್ದ. ಒಂಬತ್ತನೆಯದೂ ಕೈತಪ್ಪಿತು ಎಂದುಕೊಂಡ.

ಅಷ್ಟರಲ್ಲಿ ಬೀದಿಯ ತುದಿಯಲ್ಲಿ ಸೀರೆ ಸೇಲಿನ ಆಟೋದ ಮೈಕು ಕಿರುಚತೊಡಗಿತು. ಹಾಲೇಶ್ ಚಪ್ಪಲಿಯನ್ನೂ ಮೆಟ್ಟದೆ ಓಡಿದ. ಅವನು ಒಂದು ಕೂಗು ಹಾಕಿದ್ದರೆ ಆಟೋದ ಮೂರು ಚಕ್ರವೂ ಕಳಚಿ ಬೀಳುತ್ತಿದ್ದವು. ಕೂಗಲಿಲ್ಲ. ಎದುರಿಗೆ ನಿಂತು ಕೈ ಮುಗಿದ. ಅಂಗೈಗೆ ಕೆನ್ನೆ ಆನಿಸಿ ಕಣ್ಣು ಮುಚ್ಚಿ ತೋರಿಸಿದ.

ಡ್ರೈವರ್ ಮೈಕು ಆರಿಸಿದ. "ಏನ್ ಮಾರಾಯ, ನಡುರಸ್ತೇಲಿ ಮಲಗ್ತೀಯಾ?"

"ನಾನಲ್ಲಣ್ಣ, ಆ ಮನೆಯವ್ರು. ರಾತ್ರಿಯೆಲ್ಲಾ ದುಡಿದು ಬಂದಿದಾರೆ. ಇಂಜಿನ್ನೂ ಆರಿಸು ದಮ್ಮಯ್ಯ, ತಿರುವಿನ ತನಕ ನಾನೇ ತಳ್ತೀನಿ."

ಅದು ಹಾಲೇಶನ ಜನ್ಮದ ಮೊದಲ ಪಿಸುಮಾತು. ಡ್ರೈವರ್, ಮೈಕು, ಬೆಟ್ಟದಷ್ಟು ಸೀರೆಗಂಟು ಸಮೇತ ಆಟೋವನ್ನು ಅವನು ಬೀದಿ ದಾಟಿಸಿದ. ಆನೆ ತಳ್ಳಿದ್ದರೂ ಅಷ್ಟು ನಯವಾಗಿ ತಳ್ಳುತ್ತಿರಲಿಲ್ಲ. ಇಸ್ತ್ರಿಯ ಶರಟನ್ನು ಅಲ್ಲೇ ಹಿಂಡಿದ್ದರೆ ಭದ್ರಾ ನದಿಗೆ ನೆರೆ ಬರುತ್ತಿತ್ತು.

ಗೇಟಿನಲ್ಲಿ ನಿಂತು ಎಲ್ಲವನ್ನೂ ನೋಡಿದ ಮೈತ್ರಿ ಒಳಗೆ ಹೋಗಿ ಅಪ್ಪನ ಕಿವಿಯಲ್ಲಿ ಏನೋ ಹೇಳಿದಳು. ಉಜ್ಜನಪ್ಪ ಅದನ್ನು ಕರಿಯಮ್ಮನಿಗೆ ದಾಟಿಸಿದ. ಕರಿಯಮ್ಮ, ಆಗಷ್ಟೇ ಬಂದು ಕುಳಿತ ಹಾಲೇಶನ ಕಿವಿ ಹಿಡಿದೆಳೆದು ಪಿಸುಗುಟ್ಟಿದಳು: "ಒಪ್ಪಿದಾಳೆ ಕಣೋ!"

ಸಂತೋಷದ ಕೂಗು ಹೊಟ್ಟೆಯಿಂದ ಎದ್ದು ಗಂಟಲಿಗೆ ಬಂತು. ತಟ್ಟೆಯಲ್ಲಿದ್ದ ಎರಡು ರವೆಉಂಡೆಗಳನ್ನು ಒಟ್ಟಿಗೇ ಬಾಯಿಗೆ ತುರುಕಿ ಅದನ್ನು ತಡೆದ. ಕಣ್ಣಲ್ಲಿ ನೀರು ಬಂತು. ಅವನ ಅವಸ್ಥೆ ನೋಡಿ ಎಲ್ಲರೂ ಸೆರಗು, ಟವೆಲು ಬಾಯಿಗೊತ್ತಿಕೊಂಡು ನಕ್ಕರು.

ಉಂಡೆ ಇಳಿದ ಮೇಲೆ ಹಾಲೇಶ್ ಉಜ್ಜನಪ್ಪನ ಹತ್ತಿರ ಸರಿದ.

"ಮಾವ, ಮುರುಗೇಶಪ್ಪನವ್ರಿಗೆ ಬೆಳಗಿನ ಫಸ್ಟ್ ಶಿಫ್ಟ್ ಬರೋದು ಯಾವ ವಾರ? ಮುಹೂರ್ತ ಆ ವಾರವೇ ಇಡ್ಸೋಣ. ಮನೆ ಮುಂದೆ ವಾಲಗ ಊದಿಸ್ಬೇಕಲ್ಲ!"