ಹನ್ನೊಂದು ಮೀಲ್

ನನ್ನ ಗಂಡ ಅರ್ವಿಡ್‌ಗೆ ವಿಮಾನವೆಂದರೆ ಹುಚ್ಚು. ಯಾವ ನಿಲ್ದಾಣದಿಂದ ಯಾವ ನಿಲ್ದಾಣಕ್ಕೆ ಎಷ್ಟು ದೂರ, ಹಾರಲು ಎಷ್ಟು ಹೊತ್ತು, ಎಲ್ಲ ಬಾಯಿಪಾಠ. ಮೊಮ್ಮಗಳು ಸೀವ್‌ಳ ದೀಕ್ಷಾಸ್ನಾನಕ್ಕೆ ಸ್ಕಾಟ್‌ಲೆಂಡಿನಿಂದ ಬೀಗಿತ್ತಿ ಎಫಿ ಬರುತ್ತಾರೆ ಎಂದಾಗ ಕೇಳಬೇಕೆ? ನಿಮ್ಮಮ್ಮನ ಪ್ರಯಾಣ ನನಗೆ ಬಿಡು, ನೀನು ಮಗು ನೋಡಿಕೋ ಎಂದು ಸೊಸೆ ಐಲ್ಸಾಗೆ ಹೇಳಿ ತಾನೇ ಎಫಿಗೆ ಫೋನ್ ಮಾಡಿದ. ಎಡಿನ್‌ಬರೊದಿಂದ ಟೋರ್ಪ್ ನಿಲ್ದಾಣಕ್ಕೆ ಒಂಬೈನೂರು ಕಿಲೋಮೀಟರ್, ಎರಡು ಗಂಟೆಯ ಹಾರಾಟ. ಅಲ್ಲಿಂದ ಓಸ್ಲೋದ ನಮ್ಮ ಚರ್ಚಿಗೆ ಹನ್ನೊಂದು ಮೈಲಿ ಎಂದು ತನ್ನ ಹರಕುಮುರುಕು ಇಂಗ್ಲಿಷಿನಲ್ಲಿ ಒದರಿದ.

ಎಫಿ ಒಂದು ಬಿಳಿ ಉದ್ದಂಗಿ ತರುವವರಿದ್ದರು. ಅವರ ಮನೆಯ ಹೆಣ್ಣುಮಕ್ಕಳೆಲ್ಲ ದೀಕ್ಷಾಸ್ನಾನಕ್ಕೆ ತೊಟ್ಟ ಅಂಗಿ. ಅದನ್ನು ತೊಡಿಸಿ, ನೀರಿನ ಬಟ್ಟಲಿನ ಮುಂದೆ ಮಗುವನ್ನು ಹಿಡಿಯುವವಳು ನೀನೇ ಎಂದು ಐಲ್ಸಾ ಬಸುರಿಯಿದ್ದಾಗಲೇ ತಾಯಿಗೆ ಮಾತು ಕೊಟ್ಟಿದ್ದಳು.

ಭಾನುವಾರ ಚರ್ಚಿನ ಗಂಟೆ ಬಾರಿಸಿತು. ಎಫಿ ಇಲ್ಲ, ಅವರ ಫೋನೂ ಹತ್ತಲಿಲ್ಲ. ಇನ್ನೂ ಸ್ವಲ್ಪ ಕಾಯೋಣ ಎಂದು ಐಲ್ಸಾ ಗೋಗರೆದಳು. ಅರ್ವಿಡ್ ಎಲ್ಲರಿಗೂ ಕೇಳುವಂತೆ ಹೇಳಿದ:

"ನಮ್ಮ ಬೀಗಿತ್ತಿಗೆ ಮೊಮ್ಮಗಳಿಗಿಂತ ನಿದ್ದೆನೇ ಹೆಚ್ಚು. ಪಾದ್ರಿಗಳೇ, ನೀವು ಶುರು ಮಾಡಿ."

ಜನ ನಕ್ಕರು. ನನಗೂ ನಗು ಬಂತು, ಸುಳ್ಳೇಕೆ ಹೇಳಲಿ. ಅಂಗಡಿಯ ಅಂಗಿ ತೊಟ್ಟ ಮಗುವನ್ನು ಅರ್ವಿಡ್‌ನ ತಂಗಿ ಹಿಡಿದಳು.

ಪಕ್ಕದ ಸಭಾಂಗಣದಲ್ಲಿ ಕೇಕ್ ಕತ್ತರಿಸುವಾಗ ಎಫಿ ಬಂದರು. ಅಂಗಿಯ ಪೆಟ್ಟಿಗೆಯನ್ನು ಎದೆಗವಚಿಕೊಂಡಿದ್ದರು.

"ಹನ್ನೊಂದು ಮೈಲಿ ಅಂದಿದ್ರಲ್ಲ ಬೀಗ್ರೇ," ಎಂದರು. "ಅದನ್ನ ನಂಬ್ಕೊಂಡು ಬಂದೆ. ಟ್ಯಾಕ್ಸಿ ಓಡ್ತಾನೇ ಇತ್ತು, ಊರೇ ಬರ್ಲಿಲ್ಲ."

ನಮ್ಮಲ್ಲಿ ಹತ್ತು ಕಿಲೋಮೀಟರಿಗೆ ಒಂದು 'ಮೀಲ್'. ಹುಟ್ಟಿದಾಗಿನಿಂದ ಮೀಲಿನಲ್ಲೇ ದೂರ ಅಳೆದವನು ಅದನ್ನೇ ಇಂಗ್ಲಿಷಿನಲ್ಲಿ ಮೈಲಿ ಮಾಡಿಬಿಟ್ಟಿದ್ದ. ಅವರ ಮೈಲಿ ಎರಡು ಕಿಲೋಮೀಟರೂ ಆಗದು. ಇಲ್ಲೇ ಹತ್ತಿರ ಎಂದು ಲೆಕ್ಕ ಹಾಕಿ ಅಂದೇ ಬೆಳಗಿನ ವಿಮಾನ ಹಿಡಿದವರ ಮುಂದೆ ನೂರಹತ್ತು ಕಿಲೋಮೀಟರ್ ಬಿದ್ದುಕೊಂಡಿತ್ತು. ಆಕಾಶವನ್ನೆಲ್ಲ ಅಳೆಯುವ ಜಾಣ ನೆಲದ ಮೇಲೆ ಎಡವಿದ್ದ.

ಅರ್ವಿಡ್ ಪಾದ್ರಿಗಳ ಬಳಿ ಹೋಗಿ, ಇನ್ನೊಮ್ಮೆ ಮಾಡಲಾದೀತೇ ಎಂದು ಪಿಸುಗುಟ್ಟಿದ. ದೀಕ್ಷಾಸ್ನಾನ ಜೀವಮಾನಕ್ಕೆ ಒಂದೇ ಸಲ ಎಂದರು ಅವರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ.

ಕೊನೆಗೆ ಅವನು ಲೋಟ ತಟ್ಟಿ ಎದ್ದು ನಿಂತ. ತಪ್ಪು ನನ್ನದೇ, ಚರ್ಚಿನಲ್ಲಿ ಆಡಿದ ಮಾತಿಗೆ ನನ್ನ ನಾಲಿಗೆ ಸೀಳಬೇಕು ಎಂದ. ಎಲ್ಲ ನಮ್ಮ ನಾರ್ವೆಯ ಭಾಷೆಯಲ್ಲಿ. ಎಫಿಗೆ ಒಂದಕ್ಷರವೂ ತಿಳಿಯಲಿಲ್ಲ. ಇಂಗ್ಲಿಷಿನಲ್ಲಿ ಹೇಳಲು ನಮ್ಮ ಮಗ ಈವಾರ್ ಎದ್ದ. ಐಲ್ಸಾ ಅವನ ತೋಳು ಹಿಡಿದು ಕೂರಿಸಿದಳು.

"ನೀವೇ ಹೇಳಿ ಮಾವ. ನಮ್ಮಮ್ಮನ್ನ ಏನಂದ್ರಿ ಅನ್ನೋದನ್ನೂ ಹೇಳಿ."

ಏನೋ ಒಳ್ಳೆಯ ಮಾತಿರಬೇಕೆಂದು ಎಫಿ ನಗುಮುಖ ಮಾಡಿಕೊಂಡು ಕಾದರು. ಚರ್ಚಿನಲ್ಲಿ ನಕ್ಕವರೆಲ್ಲ ನಮ್ಮ ನಮ್ಮ ತಟ್ಟೆ ನೋಡುತ್ತ ಕುಳಿತೆವು.