ಕಾಶಿಯ ಸೊಂಟನೋವು

"ಕಾಶಕ್ಕಂಗೆ ಸೊಂಟ ನೋವು. ಮುಂದಿನ ಸೀಟು ಬಿಡಿ" ಎಂದು ಟೆಂಪೋ ಡ್ರೈವರ್ ಮಂಜು ಕಾಲೇಜಿನ ಹುಡುಗಿಯೊಬ್ಬಳನ್ನು ಎಬ್ಬಿಸಿದ. ಹಾರವಾಡದಿಂದ ನಿಂತೇ ಕಾರವಾರ ಮುಟ್ಟುವ ಆಸೆಯಿಂದ ಕಂಬಿ ಹಿಡಿದಿದ್ದ ಕಾಶಿಗೆ ಅಷ್ಟು ಜನರೆದುರು ಬೇಡವೆನ್ನಲಾಗಲಿಲ್ಲ. ಒಂದು ಪಕ್ಕಕ್ಕೆ ಭಾರ ಹಾಕಿ ಕೂತಳು. ಬಿಣಗಾ ಘಟ್ಟದ ತಿರುವು ಬಂದಾಗಲೆಲ್ಲ ಹಲ್ಲು ಕಚ್ಚಿದಳು.

ಆ ಸೊಂಟನೋವು ಅವಳೇ ಹುಟ್ಟಿಸಿದ್ದು. ನೋವು ಇದ್ದದ್ದು ಅದಕ್ಕಿಂತ ಒಂದು ಗೇಣು ಕೆಳಗೆ. ಅದನ್ನು ಬಾಯಿಬಿಟ್ಟು ಹೇಳುವುದಾದರೂ ಹೇಗೆ? ಅಂಕೋಲೆಯ ಡಾಕ್ಟರರ ಮುಂದೆಯೂ "ಸೊಂಟ" ಎಂದೇ ಅಂದಿದ್ದಳು. ಅವರು ಪಾಪ, ಸೊಂಟಕ್ಕೆ ಗುಳಿಗೆ ಕೊಟ್ಟರು, ತಿಕ್ಕಿಕೊಳ್ಳಲು ಮುಲಾಮು ಕೊಟ್ಟರು. ಮುಲಾಮನ್ನು ಇವಳು ನಿಜವಾಗಿ ನೋಯುವಲ್ಲಿ ಹಚ್ಚಿಕೊಂಡು ಬಾವಿಕಟ್ಟೆಯ ಸುತ್ತ ಕುಣಿದದ್ದನ್ನು ಮನೆಯ ನಾಯಿ ಮಾತ್ರ ನೋಡಿತ್ತು. ಅಂದಿನಿಂದ ಊರೆಲ್ಲ ಮರುಕಪಟ್ಟು ಅವಳನ್ನು ಕಂಡಕಂಡಲ್ಲಿ ಕೂರಿಸುತ್ತಿತ್ತು. ಸಾಕಾಗಿಹೋಗಿತ್ತು ಅವಳಿಗೆ.

ಮೀನು ಮಾರ್ಕೆಟ್ಟಿನಲ್ಲೂ ಅದೇ ಕತೆ. ಬಂಗಡೆ ಸುರುವಿ, ಮಣೆ ಹಾಕಿ, ಕಾಶಿ ನಿಂತೇ ಇದ್ದಳು. ಪಕ್ಕದ ಗಂಗಿ ಕತ್ತೆತ್ತಿ ನೋಡಿದಳು.

"ಕೂತ್ಕಳೇ. ಸೊಂಟ ನೋವು ಅಂತೆ, ನಿತ್ಕಂಡೇ ಇರ್ತೆ."

"ನೀ ನಿನ್ನ ಸಿಂಬೆ ನೋಡ್ಕಾ" ಎಂದಳು ಕಾಶಿ. ಬುಟ್ಟಿ ಹೊರುವಾಗ ತಲೆಗೆ ಇಟ್ಟುಕೊಳ್ಳುವ, ಬಳೆಯಂತೆ ಸುತ್ತಿದ ಬಟ್ಟೆಯ ಸಿಂಬೆಯನ್ನು ಗಂಗಿ ಮಣೆಯ ಮೇಲಿಟ್ಟು ಅದರ ಮೇಲೆಯೇ ಕೂರುತ್ತಿದ್ದಳು. ವರ್ಷಗಟ್ಟಲೆಯಿಂದ ಹೀಗೇ. "ತಲೆಗೆ ಇಡೂದ್ರ ಮೇಲೆ ಕುಂಡೆ ಇಡ್ತೆ. ಲಕ್ಷ್ಮಿ ಎಲ್ಲಿಂದ ಬರೂದು?" ಎಂದು ಕಾಶಿ ದಿನವೂ ಹಂಗಿಸುತ್ತಿದ್ದಳು. ಗಂಗಿ ಸಿಂಬೆಯನ್ನು ಇನ್ನಷ್ಟು ಸರಿಮಾಡಿಕೊಂಡು ಕೂರುತ್ತಿದ್ದಳು.

ಕಾಶಿಯ ಹೆದರಿಕೆ ನೋವಿನದಲ್ಲ, ಮಣೆಯದು. ಈ ಮಾರ್ಕೆಟ್ಟಿನಲ್ಲಿ ಮಣೆ ಇದ್ದರೆ ಜಾಗ. ಎದುರು ಸಾಲಿನ ಬೊಮ್ಮಿ ಗರ್ಭಕೋಶದ ಆಪರೇಶನ್ನಿಗೆಂದು ಹೋಗಿ ಬರುವಷ್ಟರಲ್ಲಿ ಅವಳ ಜಾಗದಲ್ಲಿ ಬೇರೆ ಮಣೆ ಕೂತಿತ್ತು. ಈಗ ಬೊಮ್ಮಿ ಬುಟ್ಟಿ ಹೊತ್ತು ಮನೆಮನೆ ಸುತ್ತುತ್ತಾಳೆ. ಡಾಕ್ಟರರಿಗೆ ನಿಜ ಹೇಳಿದರೆ ಕೊಯ್ಯುತ್ತಾರೆ, ಕೊಯ್ದರೆ ಮಲಗಬೇಕು, ಮಲಗಿದರೆ ತಾನೂ ಬೊಮ್ಮಿಯೇ.

ಆ ಸಂಜೆ ಬಚ್ಚಲು ತೊಳೆಯಲು ಹೋದ ಸೊಸೆ ರೂಪಾಲಿ ಪೊರಕೆ ಹಿಡಿದುಕೊಂಡೇ ಹೊರಗೆ ಬಂದಳು. "ಅತ್ತೆ, ನಿಮ್ದು ಮುಟ್ಟು ನಿಂತು ಏಸು ವರ್ಷ ಆಯ್ತು. ಈ ರಕ್ತ ಎಲ್ಲಿದು?"

ಕಾಶಿ ಗೋಡೆ ನೋಡಿದಳು. ಸುಳ್ಳು ಹೇಳುವ ಶಕ್ತಿಯೂ ಉಳಿದಿರಲಿಲ್ಲ.

ಮರುದಿನ ರೂಪಾಲಿ ಅವಳನ್ನು ಕಾರವಾರದ ಲೇಡಿ ಡಾಕ್ಟರರ ಹತ್ತಿರ ಎಳೆದೊಯ್ದಳು. ಡಾಕ್ಟರರು ಪರೀಕ್ಷೆ ಮಾಡಿ ಕೈ ತೊಳೆದರು. "ಮೂಲವ್ಯಾಧಿ. ಒಳಗಿನ ರಕ್ತನಾಳ ಊದಿಕೊಂಡಿದೆ."

"ಕೊಯ್ಯೂದು ಅದ್ಯಾ?"

"ಈಗ ಕೊಯ್ಯೋದೇನೂ ಬೇಡ. ಸೊಪ್ಪು, ಕಾಳು ಜಾಸ್ತಿ ತಿನ್ನಿ. ತಿಣುಕಬೇಡಿ. ಒಂದೇ ಸಮನೆ ಕೂತಿರಬೇಡಿ. ಬೆಚ್ಚಗಿನ ನೀರಿನ ಟಬ್ಬಲ್ಲಿ ಸ್ವಲ್ಪ ಹೊತ್ತು ಕೂತ್ಕೊಳ್ಳಿ. ಅದಕ್ಕೂ ಕಡಿಮೆಯಾಗದಿದ್ರೆ ಊದಿದ್ದರ ಬುಡಕ್ಕೆ ಸಣ್ಣ ರಬ್ಬರ್ ಬ್ಯಾಂಡ್ ಹಾಕ್ತೇವೆ, ತಾನೇ ಒಣಗಿ ಬೀಳ್ತದೆ. ಅವತ್ತೇ ಮನೆಗೆ ಹೋಗ್ಬಹುದು. ಆದರೆ ರಕ್ತ ಬಿದ್ದಿದೆ, ಈ ವಯಸ್ಸಲ್ಲಿ ಒಂದ್ಸಲ ಕ್ಯಾಮೆರಾದಲ್ಲಿ ಒಳಗೆ ನೋಡಿಬಿಡೋಣ. ಹಗಲು ನೀರೆಷ್ಟು ಕುಡೀತೀರಿ?"

"ಹಗಲು ಯಾರು ಕುಡೀತ್ರು?"

ಡಾಕ್ಟರರು ಬರೆಯುವುದನ್ನು ನಿಲ್ಲಿಸಿದರು. ಕಾಶಿ ತಿಳಿಸಿ ಹೇಳಬೇಕಾಯಿತು. ಕುಡಿದರೆ ಹೋಗಬೇಕು, ಹೋಗಬೇಕೆಂದರೆ ಬಸ್‌ಸ್ಟ್ಯಾಂಡಿನ ಶೌಚಾಲಯದವರೆಗೆ ನಡೆಯಬೇಕು, ಅಷ್ಟರಲ್ಲಿ ಗಿರಾಕಿಯೂ ಇಲ್ಲ, ಮಣೆಯೂ ಇಲ್ಲ. ಮಾರ್ಕೆಟ್ಟಿಗೆ ಹೊಸದಾಗಿ ಬಂದವಳಿಗೆ ಹಳಬರು ಮೊದಲು ಹೇಳಿಕೊಡುವ ಮಾತೇ ಅದು: ನೀರು ಮೀನಿಗೆ, ನಮಗಲ್ಲ.

"ಇನ್ನು ನಿಮಗೂ" ಎಂದರು ಡಾಕ್ಟರರು.

ಮಾರನೆಯ ಬೆಳಿಗ್ಗೆ ರೂಪಾಲಿ ಬುಟ್ಟಿಯಲ್ಲಿ ದೊಡ್ಡ ಬಾಟಲಿ ಇಟ್ಟಿದ್ದಳು. ಕಾಶಿ ಮಾರ್ಕೆಟ್ಟಿನಲ್ಲಿ ಕಳ್ಳಿಯಂತೆ ಗುಟುಕು ಗುಟುಕಾಗಿ ಕುಡಿದಳು. ವ್ಯಾಪಾರ ಕಾವೇರುವ ಹೊತ್ತಿಗೆ ತಡೆಯಲಾಗಲಿಲ್ಲ.

"ಗಂಗೀ, ನನ್ನ ಮಣೆ ನೋಡ್ಕಾ. ನಾ ಹೋಗಿ ಬತ್ತೆ."

"ಎಲ್ಲಿಗೆ?" ಗಂಗಿ ಬಾಟಲಿ ನೋಡಿದಳು. "ಸೊಂಟ ನೋವಿಗೆ ನೀರು ಕುಡಿಯೂಕೆ ಯಾರು ಹೇಳಿದ್ರು?"

ಕಾಶಿ ಸುತ್ತ ನೋಡಿದಳು. ಸಾಯಲಿ ಅತ್ತ, ಎಷ್ಟಂತ ಹೊರುವುದು. "ಸೊಂಟ ಅಲ್ವೇ ಗಂಗೀ. ಮೂಲವ್ಯಾಧಿ. ಕೊಯ್ಯೂದು ಬೇಡ ಅಂದ್ರು. ನೀರು ಕುಡೀಬೇಕಂತೆ, ಕೂತೇ ಇರೂಕಾಗ ಅಂತೆ."

ಗಂಗಿ ಕಾಲಿನಿಂದ ಕಾಶಿಯ ಮಣೆಯನ್ನು ತನ್ನ ಮಣೆಗೆ ತಾಗಿಸಿಕೊಂಡು, ಬಂಗಡೆಗೆ ನೀರು ಚಿಮುಕಿಸಿದಳು.

ಕಾಶಿ ಬಸ್‌ಸ್ಟ್ಯಾಂಡಿನಿಂದ ಓಡುನಡಿಗೆಯಲ್ಲೇ ಬಂದಳು. ಮಣೆ ಅಲ್ಲೇ ಇತ್ತು. ಬಂಗಡೆ ಅರ್ಧ ಖರ್ಚಾಗಿತ್ತು. ತಾನು ಅರ್ಧ ಬಿಟ್ಟು ಹೋಗಿದ್ದ ಬಾಟಲಿ ಮಾತ್ರ ಬರಿದಾಗಿ ಬಿದ್ದಿತ್ತು.

ಗಂಗಿ ಮಂಡಿಗೆ ಕೈಕೊಟ್ಟು ನಿಧಾನವಾಗಿ ಎದ್ದಳು. "ಈಗ ನೀ ನನ್ನ ಮಣೆ ನೋಡ್ಕಾ" ಎಂದಳು. ನಾಲ್ಕು ಹೆಜ್ಜೆ ಹೋದವಳು ತಿರುಗಿ ಬಂದು, ಮಣೆಯ ಮೇಲಿದ್ದ ಸಿಂಬೆಯನ್ನು ಎತ್ತಿ ಕಾಶಿಯ ಮಣೆಗೆ ಹಾಕಿದಳು. "ನಾ ಬರೂತನ್ಕ ಇದ್ರ ಮೇಲೆ ಕೂತ್ಕಾ. ನಡೂ ತೂತಿಗೆ ಸಮ ಬರೂ ಹಂಗೆ."

ಗಂಗಿ ಸೆರಗು ಸಿಕ್ಕಿಸಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದಳು. ಸಿಂಬೆ ಕೂತು ಕೂತು ಚಪ್ಪಟೆಯಾಗಿತ್ತು, ಇನ್ನೂ ಬೆಚ್ಚಗಿತ್ತು. ಕಾಶಿ ಅದರ ಮೇಲೆ ಕೂತಳು.