ಬಲೆಯೊಳಗಿನ ಊಟ

ಯಜಮಾನರು ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಅಷ್ಟು ದಿನವೂ ನಾನು ಹೊಸ್ತಿಲು ದಾಟಿರಲಿಲ್ಲ. ದೀಪ ಹಚ್ಚುವುದು, ಪ್ರಾರ್ಥನೆ, ಅವರ ಕುರ್ಚಿ ಒರೆಸುವುದು, ಇಷ್ಟೇ ನನ್ನ ದಿನಚರಿ. ಅಂಥ ನನ್ನನ್ನು ಆ ಬೆಳಗ್ಗೆ ಮಗಳು ಕೈಹಿಡಿದು ಎಬ್ಬಿಸಿ ಬಂದರಿನ ಪಕ್ಕದ ತನ್ನ ಕಚೇರಿಗೆ ಕರೆದುಕೊಂಡು ಹೋದಳು.

ನನಗೆ ಅದು ಹೊಸ ಜಾಗವಲ್ಲ. ಅದೇ ಮೀನುಗಾರಿಕೆ ಸಂಶೋಧನಾ ಕಚೇರಿಯಲ್ಲಿ ಮೂವತ್ತೊಂದು ವರ್ಷ ಮೀನಿನ ಹೊಟ್ಟೆ ಕೊಯ್ದವಳು ನಾನು. ಯಾವ ಮೀನು ಏನು ತಿಂದಿದೆ ಎಂದು ನೋಡಿ ಬರೆಯುವುದು ನನ್ನ ಕೆಲಸವಾಗಿತ್ತು. ಮಗಳದು ಅದರ ಮೇಲಿನ ಮೆಟ್ಟಿಲು. ಯಾರು ಯಾರನ್ನು ಎಷ್ಟು ತಿನ್ನುತ್ತಾರೆ ಎಂಬುದನ್ನೆಲ್ಲ ಕಂಪ್ಯೂಟರಿಗೆ ಹಾಕಿ ಅದರೊಳಗೊಂದು ಪುಟ್ಟ ಸಮುದ್ರವನ್ನೇ ಕಟ್ಟುತ್ತಾಳೆ. ಇಷ್ಟು ದೋಣಿ ಹೋದರೆ ಇಪ್ಪತ್ತು ವರ್ಷಕ್ಕೆ ಎಷ್ಟು ಮೀನು ಉಳಿದೀತು ಎಂದು ಆ ಸಮುದ್ರ ಹೇಳಬೇಕು.

ಅದು ಹೇಳುತ್ತಿದ್ದುದು ಮಾತ್ರ ಹುಚ್ಚು ಮಾತು. ಬೆಳ್ಳಿಮೀನೆಂದರೆ ಬಲೆಗೆ ರಾಶಿರಾಶಿ ಬೀಳುವ ಚಿಕ್ಕ ಮೀನು. ಕಡಲಿನಲ್ಲಿ ವರ್ಷಕ್ಕೆ ಹುಟ್ಟಿ ಬೆಳೆಯುವ ಬೆಳ್ಳಿಮೀನಿಗಿಂತ ದೊಡ್ಡ ಮೀನುಗಳು ತಿನ್ನುವ ಬೆಳ್ಳಿಮೀನೇ ಹೆಚ್ಚಂತೆ. ಮಾಡಿದ ಅಡುಗೆಗಿಂತ ಉಂಡ ಅಡುಗೆ ಹೆಚ್ಚಾದ ಹಾಗೆ. ಮೂರನೆಯ ವರ್ಷಕ್ಕೇ ಬೆಳ್ಳಿಮೀನಿನ ಗೆರೆ ಪರದೆಯ ಮೇಲೆ ನೆಲಕಚ್ಚುತ್ತಿತ್ತು. ಸಂಜೆ ನಾಲ್ಕಕ್ಕೆ, ಎಷ್ಟು ಮೀನು ಹಿಡಿಯಬಹುದೆಂದು ಗೊತ್ತುಮಾಡುವ ಸಮಿತಿಯ ಸಭೆ. ಅಷ್ಟರೊಳಗೆ ಇದು ಸರಿಹೋಗದಿದ್ದರೆ ಬೆಳ್ಳಿಮೀನಿನ ಬೇಟೆಯನ್ನು ಎರಡು ವರ್ಷ ನಿಲ್ಲಿಸುವುದಾಗಿ ಅಧ್ಯಕ್ಷರು ಮೊದಲೇ ಹೇಳಿದ್ದರು. ಹಾಗಾದರೆ ನಲವತ್ತು ದೋಣಿ ದಡದಲ್ಲೇ ಬಿದ್ದಿರಬೇಕಿತ್ತು. ದೋಣಿಯವರ ಮುಖಂಡ ನನ್ನ ಮೈದುನ. ಬಾಗಿಲಿಗೆ ಅಡ್ಡವಾಗಿ ನಿಂತಿದ್ದ.

“ಅತ್ತಿಗೆ, ನಿಮ್ಮ ಮಗಳ ಡಬ್ಬದೊಳಗೆ ಮೀನು ಸತ್ರೆ ನಾವ್ಯಾಕೆ ಬಲೆ ಒಣಗಿಸ್ಬೇಕು? ಸ್ವಲ್ಪ ಕೇಳಿ.”

“ಚಿಕ್ಕಪ್ಪ, ಬಾಯಿ ಮುಚ್ಕೊಂಡು ಕೂರೋದಾದ್ರೆ ಒಳಗೆ ಬನ್ನಿ,” ಎಂದಳು ಮಗಳು. ಅವನು ಒಳಗೆ ಬಂದು ಕೂತ.

ಮಗಳು ಹಳೆಯ ಹೊಸ ಲೆಕ್ಕಗಳನ್ನು ಮುಂದಿಟ್ಟಳು. ನನ್ನ ಕಾಲದ ಬರಹದಲ್ಲಿ ದೊಡ್ಡ ಮೀನಿನ ಹೊಟ್ಟೆಯಲ್ಲಿ ಬೆಳ್ಳಿಮೀನು ಅಷ್ಟಿಲ್ಲ. ನಾನು ನಿವೃತ್ತಳಾದ ಮೇಲಿನ ಐದು ವರ್ಷದಲ್ಲಿ ಅದು ಇಮ್ಮಡಿಯಾಗಿದೆ. ಮೀನಿನ ನಾಲಗೆ ಕೆಟ್ಟಿತೋ ಅಮ್ಮನ ಕಣ್ಣು ಕೆಟ್ಟಿತ್ತೋ ಎಂಬುದು ಮಗಳ ಅನುಮಾನ. ಬಾಯಿಬಿಟ್ಟು ಹೇಳಲಿಲ್ಲ, ನನಗೆ ತಿಳಿಯಿತು. ನಾಲ್ಕು ತಿಂಗಳಿಂದ ಮಂಕಾಗಿದ್ದ ರಕ್ತ ಒಮ್ಮೆಲೇ ಬಿಸಿಯಾಯಿತು. ಮೀನಿನ ಹೊಟ್ಟೆಯಿಂದ ಈಚೆಗೆ ತೆಗೆದಿಟ್ಟದ್ದರ ಜಾಡಿಗಳನ್ನು ತರಿಸಲು ಹೇಳಿದೆ.

ಈಗ ನನ್ನ ಮೇಜಿನಲ್ಲಿ ಕೆಲಸ ಮಾಡುವಾಕೆ ದಪ್ಪ ಕನ್ನಡಕದ, ಬಲು ಶಿಸ್ತಿನ ಹೆಂಗಸು. ಒಂದೊಂದು ಮೀನಿನ ಒಳಗಿದ್ದುದನ್ನು ಒಂದೊಂದು ಜಾಡಿಯಲ್ಲಿ ಸ್ಪಿರಿಟ್ ಹಾಕಿ ಇಟ್ಟಿದ್ದಳು. ಬಾಯಿಂದ ಕರುಳಿನವರೆಗೆ ಒಂದು ಚೂರನ್ನೂ ಬಿಟ್ಟಿಲ್ಲವೆಂದು ಹೆಮ್ಮೆಯಿಂದ ಹೇಳಿಕೊಂಡಳು. ದೇವರನ್ನು ನೆನೆದು ಮೊದಲ ಜಾಡಿ ತೆರೆದೆ. ಕೆಲವು ಬೆಳ್ಳಿಮೀನು ಕರಗಿ ಮುಳ್ಳಷ್ಟೇ ಉಳಿದಿದ್ದವು. ಮಿಕ್ಕವು ಹುರುಪೆ ಕೂಡ ಉದುರದೆ, ಕಣ್ಣು ತೆರೆದುಕೊಂಡು, ಈಗ ತಾನೇ ನೀರಿನಿಂದ ಎದ್ದ ಹಾಗೆ ಹೊಳೆಯುತ್ತಿದ್ದವು.

ಚಿಮಟ ಹಿಡಿದ ನನ್ನ ಕೈ ಹಾಗೆಯೇ ನಿಂತಿತು. ಮದುವೆಯಾದ ವರ್ಷ ಯಜಮಾನರು ದೋಣಿಯಿಂದಿಳಿದು ಬಂದು ಹೇಳಿದ ಮಾತು ಕಿವಿಯಲ್ಲೇ ಕೇಳಿಸಿದಂತಾಯಿತು. ಬಲೆ ಎಳೆಯುವ ಹೊತ್ತಿನಲ್ಲಿ ದೊಡ್ಡದು ಚಿಕ್ಕದು ಒಂದೇ ಚೀಲದಲ್ಲಿ ಇಕ್ಕಟ್ಟಾಗುತ್ತವೆ; ಆಗ ದೊಡ್ಡ ಮೀನು ಎದುರಿಗೆ ಸಿಕ್ಕಿದ್ದನ್ನೆಲ್ಲ ನುಂಗುತ್ತದೆ. “ಮದುವೆ ಮನೇಲಿ ತಿಂದಿದ್ದು ನೋಡಿ ಒಬ್ಬನ ದಿನದ ಊಟ ಅಳೀಬೇಡ ಕಣೇ,” ಎಂದು ನಕ್ಕಿದ್ದರು. ಅಂದಿನಿಂದ ಗಂಟಲಲ್ಲಿ ಸಿಕ್ಕ, ಇನ್ನೂ ಕರಗದೆ ಹೊಳೆಯುವ ಮೀನನ್ನು ಬಲೆಯಲ್ಲಿ ನುಂಗಿದ್ದೆಂದು ನಾನು ಲೆಕ್ಕಕ್ಕೆ ಸೇರಿಸದೆ ಪಕ್ಕಕ್ಕಿಡುತ್ತಿದ್ದೆ. ಎಲ್ಲರಿಗೂ ಗೊತ್ತಿರುವ ವಿಷಯವೆಂದು ಎಲ್ಲಿಯೂ ಬರೆದಿಡಲಿಲ್ಲ.

ನಾನು ಹೇಳಿ ಮುಗಿಸುವ ಮೊದಲೇ ಮೈದುನ ಎದ್ದ. “ಅಣ್ಣ ಹೇಳಿದ್ದು ನಿಜ. ನಾನೇ ಎಷ್ಟು ಸಲ ದೊಡ್ಡ ಮೀನಿನ ಬಾಯಿಂದ ಬಾಲ ಹಿಡಿದು ಎಳೆದಿಲ್ಲ!”

ಆಮೇಲೆ ಯಾರೂ ಕೂರಲಿಲ್ಲ. ಎರಡು ತಟ್ಟೆ ಇಟ್ಟೆವು, ಕರಗಿದ್ದಕ್ಕೊಂದು, ಹೊಳೆಯುವುದಕ್ಕೊಂದು. ನಾನು ವಿಂಗಡಿಸಿದೆ, ಕನ್ನಡಕದಾಕೆ ತೂಗಿದಳು, ಮೈದುನ ತೋಳು ಮಡಚಿ ಜಾಡಿಯ ಮುಚ್ಚಳ ತಿರುಗಿಸುತ್ತಲೇ ಇದ್ದ. ನೂರ ಇಪ್ಪತ್ತು ಜಾಡಿ. ಕನ್ನಡಕದಾಕೆ ನಡುವೆ ಒಮ್ಮೆ ಕಣ್ಣೊರೆಸಿಕೊಂಡಳು. ತಪ್ಪು ನಿನ್ನದಲ್ಲ, ಹೇಳದೆ ಹೋದವಳದು ಎಂದೆ. ತಿಂದದ್ದರಲ್ಲಿ ಅರ್ಧಕ್ಕರ್ಧ ಬಲೆಯೊಳಗಿನ ಊಟ.

ಮೂರು ಗಂಟೆಗೆ ಮಗಳು ಹೊಸ ಅಂಕಿ ಹಾಕಿ ಗುಂಡಿ ಒತ್ತಿದಳು. ಗೆರೆ ಹೊರಟಿತು. ಮೂರನೆಯ ವರ್ಷ ಇಳಿಯಿತು. ನಾಲ್ಕನೆಯ ವರ್ಷ ತಲೆಯೆತ್ತಿತು. ಹತ್ತು, ಹದಿನೈದು, ಇಪ್ಪತ್ತು ವರ್ಷ, ಅಲೆಯಂತೆ ಏರಿಳಿಯುತ್ತ ಅದು ಬದುಕಿಕೊಂಡಿತು. ಮಗಳು ನನ್ನ ಸ್ಪಿರಿಟ್ ವಾಸನೆಯ ಕೈಗಳನ್ನು ಹಿಡಿದು ಕೆನ್ನೆಗೊತ್ತಿಕೊಂಡಳು.

ಸಭೆಯಲ್ಲಿ ಅಧ್ಯಕ್ಷರು ಎಲ್ಲವನ್ನೂ ಕೇಳಿ, ಹೊಳೆಯುವ ಮೀನನ್ನು ಲೆಕ್ಕಕ್ಕೆ ಹಿಡಿಯಬಾರದೆಂಬ ಈ ನಿಯಮ ಯಾವ ಪುಸ್ತಕದಲ್ಲಿದೆ ಎಂದರು. ಯಾವುದರಲ್ಲೂ ಇಲ್ಲ, ಅದು ನನ್ನ ತಪ್ಪು ಎಂದೆ. ಅವರು ಒಂದು ಹಾಳೆ ಮುಂದಕ್ಕೆ ಸರಿಸಿದರು. ಎಲ್ಲರೂ ಕಾಯುತ್ತಿರಲು ಆ ನಿಯಮವನ್ನು ನಿಂತೇ ಬರೆದು ಕೆಳಗೆ ಸಹಿ ಹಾಕಿದೆ. ಎರಡು ವರ್ಷದ ನಿಷೇಧ ಬಿದ್ದುಹೋಯಿತು. ಮೀನು ಮೊಟ್ಟೆಯಿಡುವ ಎರಡು ತಿಂಗಳು ಮಾತ್ರ ಬೆಳ್ಳಿಮೀನಿನ ಬಲೆ ಹಾಕಬಾರದೆಂದು ತೀರ್ಮಾನವಾಯಿತು.

ಮೆಟ್ಟಿಲಿಳಿಯುವಾಗ ಮೈದುನ, ಎರಡು ತಿಂಗಳೂ ಹೆಚ್ಚೇ ಎಂದು ಗೊಣಗಿದ. ಮಗಳು ಅವನೊಡನೆ ಜಗಳಕ್ಕೆ ನಿಂತಳು. ನಾನು ಇಬ್ಬರನ್ನೂ ದೂಡಿಕೊಂಡು ನಡೆದೆ. ದೇವರ ದಯೆ, ಯಜಮಾನರು ಹೋದಂದಿನಿಂದ ಮೊದಲ ಬಾರಿಗೆ ನನಗೆ ಹಸಿವಾಗಿತ್ತು.